ಒಂದು ಕಂಪ್ಯೂಟರ್, ಎರಡು ನೆಟ್‌ವರ್ಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ: ಒಂದು ಕಂಪ್ಯೂಟರನ್ನು ಎರಡು ಬೇರೆ ಬೇರೆ ನೆಟ್‌ವರ್ಕ್‌ಗಳಿಗೆ ಏಕಕಾಲಕ್ಕೆ ಜೋಡಿಸಿದರೆ ಯಾವುದಾದರೂ ಒಂದು ಕೈಕೊಡುತ್ತದೆ. ಆದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಅಂಕಿ, ಚುಕ್ಕೆ, ಅಡ್ಡಗೆರೆ ಮತ್ತು ನಡುವೆ ಬಿಟ್ಟ ಜಾಗ ಇಲ್ಲಿ ಇದ್ದಂತೆಯೇ ಇರಲಿ.

ಪ್ರಶ್ನೆ: ನಮ್ಮದು ಅಡಿಕೆ ವಹಿವಾಟಿನ ಸಹಕಾರ ಸಂಘದ ಶಾಖೆ. ಲೆಕ್ಕದ ಸಾಫ್ಟ್‌ವೇರ್ ಇರುವ ಸರ್ವರ್ ಮುಖ್ಯ ಕಚೇರಿಯಲ್ಲಿದೆ, ವಿಳಾಸ 10.20.3.15. ಇಲ್ಲಿಯ ಕಂಪ್ಯೂಟರ್‌ಗೆ ಕೇಬಲ್ ಮೂಲಕ ಸಿಗುತ್ತದೆ. ನಮ್ಮ ಐಪಿ 10.20.5.40, ಗೇಟ್‌ವೇ 10.20.5.1. ಆ ಲೈನಿನಲ್ಲಿ ಇಂಟರ್ನೆಟ್ ಇಲ್ಲ. ಜಿಎಸ್‌ಟಿ ರಿಟರ್ನ್, ಇಮೇಲ್ ಕೆಲಸಕ್ಕೆಂದು ಬೇರೆ ಬ್ರಾಡ್‌ಬ್ಯಾಂಡ್ ವೈಫೈ ಹಾಕಿಸಿದ್ದೇವೆ. ಕೇಬಲ್ ಸಿಕ್ಕಿಸಿದರೆ ಇಂಟರ್ನೆಟ್ ಹೋಗುತ್ತದೆ, ಕಿತ್ತರೆ ಸಾಫ್ಟ್‌ವೇರ್ ನಿಲ್ಲುತ್ತದೆ. ಎರಡೂ ಒಟ್ಟಿಗೆ ನಡೆಯಬೇಕು. ಮುಖ್ಯ ಕಚೇರಿಯವರ ಒಪ್ಪಿಗೆ ಪಡೆದಿದ್ದೇವೆ. ವಿಂಡೋಸ್ 11 ಇದೆ.
ಸಂಘದ ಗುಮಾಸ್ತರು, ಶಿರಸಿ

ಉತ್ತರ: ಒಪ್ಪಿಗೆ ಮೊದಲೇ ಪಡೆದಿದ್ದು ಒಳ್ಳೆಯದಾಯಿತು. ನಿಮ್ಮ ಕಂಪ್ಯೂಟರ್‌ನಲ್ಲಿ ಏನೂ ಕೆಟ್ಟಿಲ್ಲ. ಅದಕ್ಕೆ ಎರಡು ಗೇಟ್‌ವೇ, ಅಂದರೆ ಹೊರಗೆ ಹೋಗುವ ಎರಡು ಬಾಗಿಲು ಸಿಕ್ಕಿವೆ, ತೊಂದರೆ ಅಷ್ಟೇ.

ಪ್ರತಿ ಕಂಪ್ಯೂಟರ್‌ನಲ್ಲೂ ರೂಟಿಂಗ್ ಟೇಬಲ್ ಎಂಬ ಪಟ್ಟಿ ಇರುತ್ತದೆ. ಯಾವ ವಿಳಾಸಕ್ಕೆ ಯಾವ ದಾರಿ ಎಂದು ಅದರಲ್ಲಿ ಬರೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ ವಿಳಾಸಗಳಿಗೆಲ್ಲ ಒಂದು ಕೊನೆಯ ದಾರಿ ಇದೆ. ಅದೇ ಡೀಫಾಲ್ಟ್ ಗೇಟ್‌ವೇ, ಪಟ್ಟಿಯಲ್ಲಿ 0.0.0.0 ಎಂದು ಕಾಣುವ ಸಾಲು. ಜಿಎಸ್‌ಟಿ ಪೋರ್ಟಲ್ ಇರಲಿ, ಇಮೇಲ್ ಇರಲಿ, ಹೊರಜಗತ್ತಿನದ್ದೆಲ್ಲ ಈ ದಾರಿಯಲ್ಲೇ ಹೋಗಬೇಕು. ನಿಮ್ಮಲ್ಲಿ ಅಂಥ ಎರಡು ಸಾಲುಗಳಿವೆ: ಒಂದು ಕೇಬಲ್‌ನಿಂದ, ಒಂದು ವೈಫೈಯಿಂದ. ಎರಡಿದ್ದಾಗ ಮೆಟ್ರಿಕ್ ಎಂಬ ಅಂಕಿ ಕಡಿಮೆ ಇರುವುದನ್ನು ವಿಂಡೋಸ್ ಆರಿಸಿಕೊಳ್ಳುತ್ತದೆ. ಆ ಅಂಕಿಯನ್ನು ಅದೇ ಲಿಂಕಿನ ವೇಗ ನೋಡಿ ಕೊಡುತ್ತದೆ. ಗಿಗಾಬಿಟ್ ಕೇಬಲ್‌ಗೆ ಸಾಮಾನ್ಯವಾಗಿ 25, ವೈಫೈಗೆ 30ರಿಂದ 50ರ ಆಸುಪಾಸು. ಹಾಗಾಗಿ ಕೇಬಲ್ ಗೆಲ್ಲುತ್ತದೆ, ಇಂಟರ್ನೆಟ್‌ನ ಬೇಡಿಕೆಯೆಲ್ಲ ಇಂಟರ್ನೆಟ್ ಇಲ್ಲದ 10.20.5.1ಕ್ಕೆ ಹೋಗಿ ಸಾಯುತ್ತದೆ.

ಮಾಡಬೇಕಾದ್ದು ಇಷ್ಟು: ಡೀಫಾಲ್ಟ್ ಗೇಟ್‌ವೇ ಒಂದೇ ಇರಲಿ, ಅದು ವೈಫೈಯದ್ದಾಗಿರಲಿ. ಕೇಬಲ್‌ನ ಆಚೆ ಏನಿದೆ ಎಂಬುದನ್ನು ಒಂದು ಸಾಲಿನಲ್ಲಿ ಕೈಯಾರೆ ಹೇಳಿಕೊಡಿ.

ಎರಡೂ ಸಂಪರ್ಕ ಚಾಲೂ ಇರುವಾಗ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ /ಆಲ್ ಕೊಡಿ. ಎರಡೂ ಕಡೆಯ ಐಪಿ, ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ಜಾಲದ್ದು ಎಂದು ಹೇಳುವ ಅಂಕಿ), ಗೇಟ್‌ವೇ, ಡಿಎನ್‌ಎಸ್ (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸರ್ವರ್) ಕಾಗದದ ಮೇಲೆ ಬರೆದುಕೊಳ್ಳಿ. ಈ ಕಾಗದ ಬೇಕೇ ಬೇಕು. ಏನಾದರೂ ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಲು ಇದೊಂದೇ ಆಧಾರ.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ ಎಂದು ಕೊಟ್ಟರೆ ಅಡಾಪ್ಟರ್‌ಗಳ ಕಿಟಕಿ ತೆರೆಯುತ್ತದೆ. ಈಥರ್ನೆಟ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4, ಮತ್ತೆ ಪ್ರಾಪರ್ಟೀಸ್. ಐಪಿ 10.20.5.40, ಮಾಸ್ಕ್ ನೀವು ಬರೆದುಕೊಂಡದ್ದೇ. ಡೀಫಾಲ್ಟ್ ಗೇಟ್‌ವೇ ಖಾನೆ ಖಾಲಿ ಬಿಡಿ. ಎರಡು ನೆಟ್‌ವರ್ಕ್ ಕಾರ್ಡಿಗೂ ಕೈಯಾರೆ ಗೇಟ್‌ವೇ ತುಂಬಿದರೆ ವಿಂಡೋಸ್ ತಾನೇ ಒಂದು ಎಚ್ಚರಿಕೆ ತೋರಿಸುತ್ತದೆ: ಒಂದಕ್ಕಿಂತ ಹೆಚ್ಚು ಗೇಟ್‌ವೇ ಇರುವುದು ಒಂದೇ ಜಾಲಕ್ಕೆ ಬದಲಿ ದಾರಿಯಾಗಲೆಂದು, ಸಂಬಂಧವಿಲ್ಲದ ಎರಡು ಜಾಲಗಳಿಗಲ್ಲ ಎಂದು. ಬಹಳ ಮಂದಿ ಅದನ್ನು ಓದದೆ ಯೆಸ್ ಒತ್ತಿಬಿಡುತ್ತಾರೆ. ಅದರಲ್ಲಿ ಬರೆದಿರುವುದು ನಿಜ.

ಕಚೇರಿಯ ಐಪಿ ತಾನಾಗಿ, ಅಂದರೆ ಡಿಎಚ್‌ಸಿಪಿಯಿಂದ ಬರುತ್ತಿದ್ದರೆ ಗೇಟ್‌ವೇಯೂ ಜೊತೆಗೇ ಬರುತ್ತದೆ, ಖಾಲಿ ಬಿಡಲು ಬರುವುದಿಲ್ಲ. ಆಗ ಅದೇ ಕಿಟಕಿಯ ಅಡ್ವಾನ್ಸ್ಡ್ ಗುಂಡಿ ಒತ್ತಿ, ಆಟೋಮ್ಯಾಟಿಕ್ ಮೆಟ್ರಿಕ್ ಗುರುತು ತೆಗೆದು ಈಥರ್ನೆಟ್‌ಗೆ 500, ವೈಫೈಗೆ 10 ಕೊಡಿ. ಗೇಟ್‌ವೇ ಎರಡೇ ಇದ್ದರೂ ವೈಫೈ ಮುಂದೆ ಬರುತ್ತದೆ. ಡಿಎಚ್‌ಸಿಪಿಯ ವಿಳಾಸವನ್ನೇ ಕೈಯಾರೆ ತುಂಬಿ ಕೂರಿಸಬೇಡಿ. ನಾಳೆ ಅದೇ ವಿಳಾಸ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಎರಡೂ ಜಗಳಾಡುತ್ತವೆ.

ಇನ್ನು ದಾರಿ ಹೇಳಿಕೊಡುವ ಸಾಲು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಕೇಬಲ್ ಸಿಕ್ಕಿಸಿಯೇ ಇರಲಿ. ಕೊಡಬೇಕಾದದ್ದು:

ರೂಟ್ -ಪಿ ಆ್ಯಡ್ 10.20.0.0 ಮಾಸ್ಕ್ 255.255.0.0 10.20.5.1

10.20 ಎಂದು ಶುರುವಾಗುವ ಯಾವ ವಿಳಾಸವಾದರೂ 10.20.5.1ರ ಮೂಲಕ ಹೋಗಲಿ ಎಂದು ಇದರ ಅರ್ಥ. -ಪಿ ಬಿಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆದ ಕೂಡಲೇ ಸಾಲು ಅಳಿಸಿಹೋಗುತ್ತದೆ. ಕೇಬಲ್ ಕಿತ್ತಿರುವಾಗ ಕೊಟ್ಟರೆ ಈ ಸಾಲು ವೈಫೈ ಕಾರ್ಡಿಗೆ ಅಂಟಿಕೊಳ್ಳುವುದುಂಟು, ಆಗ ಎಷ್ಟು ಪಿಂಗ್ ಮಾಡಿದರೂ (ಇದ್ದೀಯಾ ಎಂದು ಕೇಳಿ ನೋಡಿದರೂ) ಸರ್ವರ್ ಸಿಗುವುದಿಲ್ಲ. ತಪ್ಪಾಗಿ ಕೊಟ್ಟಿದ್ದರೆ ರೂಟ್ ಡಿಲೀಟ್ 10.20.0.0 ಎಂದು ಅಳಿಸಿ ಮತ್ತೆ ಹಾಕಿ. ಮಾಸ್ಕ್ ಸರಿಯಿಲ್ಲ ಎಂದು ಕಮಾಂಡ್ ತಿರಸ್ಕಾರವಾದರೆ, ಜಾಲದ ವಿಳಾಸದ ಬದಲು ಸರ್ವರ್‌ನ ಪೂರ್ತಿ ವಿಳಾಸ ಬರೆದಿದ್ದೀರಿ ಎಂದು ಅರ್ಥ. 255.255.0.0 ಮಾಸ್ಕ್ ಜೊತೆ 10.20.3.15 ಕೂಡದು, 10.20.0.0 ಎಂದೇ ಇರಬೇಕು. ಒಂದೇ ಸರ್ವರ್ ಸಾಕು ಎಂದಾದರೆ 10.20.3.15ಕ್ಕೆ 255.255.255.255 ಮಾಸ್ಕ್ ಕೊಡಬಹುದು. ನಿಮ್ಮಂಥ ಶಾಖೆಗೆ ನಮ್ಮ ಸಲಹೆ ಇದೇ: ಬೇಕಾದಷ್ಟೇ ದಾರಿ ತೆರೆಯಿರಿ.

ಈ ಸಾಲು ಮತ್ತು ಡೀಫಾಲ್ಟ್ ಸಾಲಿನ ನಡುವೆ ಮೆಟ್ರಿಕ್‌ನ ಪೈಪೋಟಿ ನಡೆಯುವುದೇ ಇಲ್ಲ. ಹೆಚ್ಚು ನಿಖರವಾದ ಸಾಲು ಯಾವಾಗಲೂ ಮೊದಲು ಗೆಲ್ಲುತ್ತದೆ; ಮೆಟ್ರಿಕ್ ನೋಡುವುದು ಎರಡು ಸಾಲು ಸಮ ನಿಖರವಾಗಿದ್ದಾಗ ಮಾತ್ರ. ಕೇಬಲ್‌ಗೆ 500 ಕೊಟ್ಟರೂ ಸರ್ವರ್‌ನ ಕೆಲಸ ನಿಧಾನವಾಗುವುದಿಲ್ಲ.

ಪರೀಕ್ಷೆ ಹೀಗೆ: ಟ್ರೇಸ್‌ಆರ್‌ಟಿ -ಡಿ 10.20.3.15 ಕೊಟ್ಟಾಗ ಮೊದಲ ಸಾಲಿನಲ್ಲಿ 10.20.5.1 ಕಾಣಬೇಕು. ಟ್ರೇಸ್‌ಆರ್‌ಟಿ -ಡಿ 8.8.8.8 (ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಒಂದು ವಿಳಾಸ) ಕೊಟ್ಟಾಗ ಮೊದಲ ಸಾಲಿನಲ್ಲಿ ನಿಮ್ಮ ವೈಫೈ ರೂಟರ್‌ನ ವಿಳಾಸ ಕಾಣಬೇಕು. ಎರಡೂ ಸರಿ ಇದ್ದರೆ ದಾರಿಯ ಕೆಲಸ ಮುಗಿಯಿತು.

ದಾರಿ ಸರಿಯಾದ ಮೇಲೂ ವೆಬ್‌ಸೈಟ್ ತೆರೆಯುತ್ತಿಲ್ಲ, ಆದರೆ 8.8.8.8ಕ್ಕೆ ಪಿಂಗ್ ಆಗುತ್ತಿದೆ ಎಂದಾದರೆ ಡಿಎನ್‌ಎಸ್ ನೋಡಿ. ಗೇಟ್‌ವೇ ತೆಗೆದ ಮಾತ್ರಕ್ಕೆ ಡಿಎನ್‌ಎಸ್ ಹೋಗುವುದಿಲ್ಲ. ಕೇಬಲ್ ಕಾರ್ಡಿನಲ್ಲಿ ಕಚೇರಿಯ ಡಿಎನ್‌ಎಸ್ ಹಾಗೇ ಉಳಿದಿರುತ್ತದೆ, ಅದಕ್ಕೆ ಹೊರಗಿನ ಹೆಸರುಗಳು ಗೊತ್ತಿಲ್ಲ. ನಿಮ್ಮ ಸಾಫ್ಟ್‌ವೇರ್ ಸರ್ವರನ್ನು ಅಂಕಿಯ ವಿಳಾಸದಿಂದಲೇ ಕರೆಯುತ್ತಿದ್ದರೆ ಕೇಬಲ್ ಕಾರ್ಡಿನ ಡಿಎನ್‌ಎಸ್ ಖಾನೆ ಖಾಲಿ ಬಿಡಿ. ಹೆಸರಿನಿಂದ ಕರೆಯುತ್ತಿದ್ದರೆ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸಾಕು: ಮೊದಲು 10.20.3.15, ಒಂದು ಜಾಗ ಬಿಟ್ಟು ಸರ್ವರ್‌ನ ಹೆಸರು. ಈ ಫೈಲ್ ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್‌ನಲ್ಲಿದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೇ ಉಳಿಸಿ. ಉಳಿಸುವಾಗ ಹೆಸರಿನ ಕೊನೆಗೆ .ಟಿಎಕ್ಸ್‌ಟಿ ಸೇರಿಕೊಂಡರೆ ವಿಂಡೋಸ್ ಅದನ್ನು ಓದುವುದಿಲ್ಲ. ಒಳಗಿನ ಹೆಸರುಗಳು ಹತ್ತಾರಿದ್ದರೆ ಹೋಸ್ಟ್ಸ್ ಫೈಲಿನ ಬದಲು ಪವರ್‌ಶೆಲ್‌ನಲ್ಲಿ ಎನ್‌ಆರ್‌ಪಿಟಿ ನಿಯಮ ಹಾಕಿಸಿ. ಇಂಥ ಹೆಸರಿನಲ್ಲಿ ಕೊನೆಗೊಳ್ಳುವುದೆಲ್ಲ ಕಚೇರಿಯ ಡಿಎನ್‌ಎಸ್‌ಗೆ, ಉಳಿದದ್ದು ಹೊರಗಿನದಕ್ಕೆ ಎಂದು ಅದು ವಿಂಗಡಿಸುತ್ತದೆ.

ಇನ್ನೊಂದು ಜಾಗವನ್ನೂ ನೋಡಿ: ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿ, ಅಂದರೆ ಬ್ರೌಸರ್‌ನ ಬೇಡಿಕೆ ಹಾದುಹೋಗುವ ಮಧ್ಯವರ್ತಿ ಸರ್ವರ್. ಹಿಂದೆ ಯಾರಾದರೂ ಕಚೇರಿಯ ಪ್ರಾಕ್ಸಿ ತುಂಬಿಟ್ಟಿದ್ದರೆ ರೂಟಿಂಗ್ ಎಷ್ಟು ಸರಿ ಇದ್ದರೂ ಬ್ರೌಸರ್ ಅಲ್ಲಿಗೇ ಓಡುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಸಿಸಿಟಿವಿ ರೆಕಾರ್ಡರ್‌ಗೆ ಒಂದು ರೂಟರ್, ಇಂಟರ್ನೆಟ್‌ಗೆ ಇನ್ನೊಂದು ರೂಟರ್. ಕಂಪ್ಯೂಟರ್‌ಗೆ ಎರಡನ್ನೂ ಕೊಟ್ಟಿದ್ದೇನೆ. ರೆಕಾರ್ಡರ್ 192.168.1.64ರಲ್ಲಿದೆ. ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಗೇಟ್‌ವೇ ಒಂದೇ ಇಟ್ಟರೂ ಸರಿಹೋಗಲಿಲ್ಲ.
ವ್ಯಾಪಾರಿ, ದಾವಣಗೆರೆ

ಉತ್ತರ: ಎರಡು ರೂಟರ್‌ಗಳೂ 192.168.1.1 ಆಗಿರಬೇಕು, ಒಮ್ಮೆ ನೋಡಿ. ಎರಡೂ ಕಡೆ ವಿಳಾಸ ಒಂದೇ ಶ್ರೇಣಿಯಲ್ಲಿದ್ದರೆ 192.168.1.64 ಯಾವ ಕಾರ್ಡಿನ ಆಚೆ ಇದೆ ಎಂದು ತಿಳಿಯಲು ಕಂಪ್ಯೂಟರ್‌ಗೆ ದಾರಿಯೇ ಇಲ್ಲ. ಆ ಹೊತ್ತಿಗೆ ಮೆಟ್ರಿಕ್ ಕಡಿಮೆ ಇರುವ ಕಡೆ ಹುಡುಕುತ್ತದೆ. ವೈಫೈ ವೇಗ ಏರಿಳಿದ ಹಾಗೆ ಮೆಟ್ರಿಕ್ ಬದಲಾಗುತ್ತದೆ, ಅದಕ್ಕೇ ಒಮ್ಮೆ ಸಿಕ್ಕು ಒಮ್ಮೆ ತಪ್ಪುತ್ತದೆ.

ಒಂದು ಕಡೆಯ ಶ್ರೇಣಿ ಬದಲಿಸುವುದೊಂದೇ ಪರಿಹಾರ. ಇಂಟರ್ನೆಟ್ ರೂಟರನ್ನೇ ಬದಲಿಸಿ, ಯಾಕೆಂದರೆ ಅಲ್ಲಿಯ ಫೋನು, ಟಿವಿಗಳು ಹೊಸ ವಿಳಾಸವನ್ನು ತಾವೇ ಪಡೆದುಕೊಳ್ಳುತ್ತವೆ. ರೆಕಾರ್ಡರ್ ಕಡೆ ಬದಲಿಸಿದರೆ ಒಂದೊಂದು ಕ್ಯಾಮೆರಾದ ವಿಳಾಸವನ್ನೂ ಕೈಯಾರೆ ತಿದ್ದಬೇಕಾಗುತ್ತದೆ. ರೂಟರ್‌ನ ಪುಟಕ್ಕೆ ಲಾಗಿನ್ ಆಗಿ, ಲ್ಯಾನ್ ಸೆಟ್ಟಿಂಗ್‌ನಲ್ಲಿ ಐಪಿಯನ್ನು 192.168.50.1 ಮಾಡಿ. ಡಿಎಚ್‌ಸಿಪಿ ಶ್ರೇಣಿಯೂ 192.168.50.100ರಿಂದ 192.168.50.200 ಎಂದು ಬದಲಾಗಿದೆಯೇ ನೋಡಿ. ಕೆಲವು ರೂಟರ್‌ಗಳು ಅದನ್ನು ತಾವಾಗಿ ಬದಲಿಸುವುದಿಲ್ಲ. ಉಳಿಸಿದ ಕ್ಷಣ ಪುಟ ತೆರೆದಿದ್ದಲ್ಲೇ ನಿಂತುಹೋಗುತ್ತದೆ, ಗಾಬರಿ ಬೇಡ. ವೈಫೈ ಆಫ್ ಮಾಡಿ ಮತ್ತೆ ಹಾಕಿ, ಹೊಸ ವಿಳಾಸದಲ್ಲಿ ತೆರೆಯಿರಿ.

ಮನೆ, ಕಚೇರಿಗಳ ಒಳಬಳಕೆಗೆ ಮೂರು ಶ್ರೇಣಿಗಳನ್ನು 1996ರಲ್ಲೇ ಗೊತ್ತುಮಾಡಿ ಇಡಲಾಗಿದೆ: 10ರಿಂದ ಶುರುವಾಗುವುದೆಲ್ಲ, 172.16ರಿಂದ 172.31ರವರೆಗೆ, ಮತ್ತು 192.168. ಇಷ್ಟು ವಿಶಾಲ ಜಾಗವಿದ್ದರೂ ರೂಟರ್ ತಯಾರಕರು 192.168.0 ಮತ್ತು 192.168.1ನ್ನೇ ಹಿಡಿದು ಕೂತಿದ್ದಾರೆ. ಹೊಸದಾಗಿ ಜಾಲ ಕಟ್ಟುವವರು ಈ ಎರಡನ್ನು ಬಿಟ್ಟು ಬೇರೆ ಏನನ್ನಾದರೂ ಇಟ್ಟುಕೊಂಡರೆ ಮುಂದಿನ ತಲೆನೋವು ಅರ್ಧ ಕಡಿಮೆ. ಐಫೋನ್ ಹಾಟ್‌ಸ್ಪಾಟ್ ಬಳಸುವವರು ಗಮನಿಸಿ: ಅದು 172.20.10 ಎಂದು ಶುರುವಾಗುವ ವಿಳಾಸ ಕೊಡುತ್ತದೆ. ನಿಮ್ಮ ಕಚೇರಿಯ ಜಾಲದಲ್ಲೂ 172.20.10ರ ಯಂತ್ರಗಳಿದ್ದರೆ ಇದೇ ತಿಕ್ಕಾಟ ಅಲ್ಲೂ ಬರುತ್ತದೆ.

ಪ್ರಶ್ನೆ: ನೀವು ಹೇಳುವ ಹಂತಕ್ಕೇ ನಾನು ಬರಲಾಗುತ್ತಿಲ್ಲ. ಕೇಬಲ್ ಸಿಕ್ಕಿಸಿದರೆ ವೈಫೈ ತಾನೇ ಕಡಿದುಕೊಳ್ಳುತ್ತದೆ.
ಓದುಗರು, ಚಿಕ್ಕಮಗಳೂರು

ಉತ್ತರ: ಇದು ವಿಂಡೋಸ್‌ನ ನೀತಿ: ಏಕಕಾಲದ ಸಂಪರ್ಕಗಳನ್ನು ಕಡಿಮೆ ಇಡು ಎಂದು. ಕೇಬಲ್ ಇದ್ದಾಗ ವೈಫೈಗೆ ತಾನಾಗಿ ಸೇರುವುದಿಲ್ಲ; ನೀವಾಗಿ ವೈಫೈ ಹೆಸರು ಒತ್ತಿ ಕನೆಕ್ಟ್ ಮಾಡಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಮೊದಲು ಅದನ್ನು ಮಾಡಿ ನೋಡಿ.

ಅದಕ್ಕೂ ಜಗ್ಗದಿದ್ದರೆ, ಪ್ರೊ ಆವೃತ್ತಿಯವರು ಜಿಪಿಎಡಿಟ್.ಎಂಎಸ್‌ಸಿ ತೆರೆದು ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ನೆಟ್‌ವರ್ಕ್, ವಿಂಡೋಸ್ ಕನೆಕ್ಷನ್ ಮ್ಯಾನೇಜರ್‌ಗೆ ಹೋಗಿ. ಮಿನಿಮೈಜ್ ದ ನಂಬರ್ ಆಫ್ ಸೈಮಲ್ಟೇನಿಯಸ್ ಕನೆಕ್ಷನ್ಸ್ ಎಂದು ಶುರುವಾಗುವ ಸಾಲನ್ನು ಎನೇಬಲ್ ಮಾಡಿ, ಕೆಳಗಿನ ಆಯ್ಕೆಯಲ್ಲಿ 0 ಹಾಕಿ. ಅಲ್ಲಿ 3 ಇದ್ದರೆ ಕೇಬಲ್ ಇರುವಾಗ ವೈಫೈಯನ್ನು ಪೂರ್ತಿ ನಿಷೇಧಿಸಲಾಗಿದೆ ಎಂದರ್ಥ. ಕಚೇರಿಯ ಕಂಪ್ಯೂಟರ್‌ನಲ್ಲಿ ಹಾಗಿದ್ದರೆ ಅದನ್ನು ಯಾರೋ ಬೇಕೆಂದೇ ಇಟ್ಟಿದ್ದಾರೆ, ಅವರನ್ನು ಕೇಳದೆ ಮುಟ್ಟಬೇಡಿ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿಯೂ ಇಂಥದೇ ಒಂದು ಆಯ್ಕೆ ಇರುತ್ತದೆ, ಲ್ಯಾನ್ ಮತ್ತು ವೈಫೈ ನಡುವೆ ಸ್ವಿಚ್ ಆಗುವುದು ಎಂಬ ಅರ್ಥದಲ್ಲಿ. ಮೇಲಿನದೆಲ್ಲ ಸರಿ ಇದ್ದೂ ವೈಫೈ ಸಾಯುತ್ತಿದ್ದರೆ ಅಲ್ಲಿ ನೋಡಿ.

ಪ್ರಶ್ನೆ: ಮನೆಗೆ 100 ಎಂಬಿಪಿಎಸ್‌ನ ಎರಡು ಬ್ರಾಡ್‌ಬ್ಯಾಂಡ್ ಇವೆ. ಒಂದನ್ನು ಕೇಬಲ್‌ನಲ್ಲಿ, ಒಂದನ್ನು ವೈಫೈಯಲ್ಲಿ ಕೊಟ್ಟರೆ 200 ಸಿಗುತ್ತದೆಯೇ?
ವಿದ್ಯಾರ್ಥಿ, ಬೆಂಗಳೂರು

ಉತ್ತರ: ಸಿಗುವುದಿಲ್ಲ. ಒಂದು ಡೌನ್‌ಲೋಡ್ ಎಂದರೆ ಒಂದು ವಿಳಾಸದಿಂದ ಇನ್ನೊಂದು ವಿಳಾಸಕ್ಕೆ ಕಟ್ಟಿದ ಒಂದು ಸಂಪರ್ಕ. ಎರಡು ಬ್ರಾಡ್‌ಬ್ಯಾಂಡ್‌ಗಳ ಹೊರವಿಳಾಸ ಬೇರೆ ಬೇರೆ, ಆ ಸಂಪರ್ಕವನ್ನು ನಡುವೆ ಸೀಳಿ ಎರಡು ಕಡೆಯಿಂದ ತರಿಸಲು ಆಗುವುದಿಲ್ಲ. ಸ್ವಿಚ್‌ಗಳಲ್ಲಿ ಮಾಡುವ ಲಿಂಕ್ ಅಗ್ರಿಗೇಷನ್ (ಎರಡು ಕೇಬಲನ್ನು ಒಂದಾಗಿ ಬಳಸುವುದು) ಬೇರೆಯೇ ವಿಷಯ. ಅದಕ್ಕೆ ಎರಡೂ ಕೇಬಲ್ ಒಂದೇ ಸ್ವಿಚ್‌ಗೆ ಹೋಗಬೇಕು.

ಎರಡು ವ್ಯಾನ್ ಪೋರ್ಟ್ (ಇಂಟರ್ನೆಟ್ ಲೈನ್ ಸಿಕ್ಕಿಸುವ ಜಾಗ) ಇರುವ ರೂಟರ್ ತಂದರೆ ಪ್ರಯೋಜನವಿದೆ. ಮೈಕ್ರೋಟಿಕ್‌ನಲ್ಲೂ ಟಿಪಿ-ಲಿಂಕ್‌ನ ಓಮಾಡಾ ಸಾಲಿನಲ್ಲೂ ಅಂಥವು ಇವೆ. ಒಬ್ಬರ ವಿಡಿಯೋ ಒಂದು ಲೈನಿನಲ್ಲಿ, ಇನ್ನೊಬ್ಬರದ್ದು ಮತ್ತೊಂದರಲ್ಲಿ ಎಂದು ಅದು ಹಂಚುತ್ತದೆ. ಒಂದೊಂದು ಡೌನ್‌ಲೋಡ್ ಮಾತ್ರ 100 ದಾಟುವುದಿಲ್ಲ. ಬ್ಯಾಂಕಿನ ಸೈಟುಗಳು ನಡುವೆ ವಿಳಾಸ ಬದಲಾದರೆ ಲಾಗೌಟ್ ಮಾಡಿಬಿಡಬಹುದು, ಆದ್ದರಿಂದ ಒಂದು ಸೈಟಿನ ಸಂಪರ್ಕಗಳೆಲ್ಲ ಒಂದೇ ಲೈನಿನಲ್ಲಿ ಹೋಗುವಂತೆ ಹೊಂದಿಸಿ. ನಿಜವಾದ ಲಾಭ ಬೇರೆ: ಒಂದು ಲೈನ್ ಹೋದಾಗ ಇನ್ನೊಂದು ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆ ನನ್ನ ಕೆಲಸ. ಲ್ಯಾಪ್‌ಟಾಪ್‌ನ ಕೇಬಲ್ ಸೀಮೆನ್ಸ್ ಎಸ್7-1200 ಪಿಎಲ್‌ಸಿಗೆ (ಯಂತ್ರ ನಡೆಸುವ ನಿಯಂತ್ರಕ), ವೈಫೈ ಇಂಟರ್ನೆಟ್‌ಗೆ. ಪಿಎಲ್‌ಸಿ 192.168.0.1. ಪಿಂಗ್ ಬರುತ್ತದೆ, ಆದರೆ ಅದಕ್ಕೆ ಪ್ರೋಗ್ರಾಂ ಬರೆಯುವ ಟಿಐಎ ಪೋರ್ಟಲ್‌ ಸಾಫ್ಟ್‌ವೇರ್‌ನಲ್ಲಿ ಆನ್‌ಲೈನ್ ಹೋಗುವುದಿಲ್ಲ. ಕೇಬಲ್‌ನ ಗುರುತಿನಲ್ಲಿ ಹಳದಿ ಎಚ್ಚರಿಕೆ, ಅನ್‌ಐಡೆಂಟಿಫೈಡ್ ನೆಟ್‌ವರ್ಕ್ ಎಂದು ತೋರಿಸುತ್ತದೆ. ಅದನ್ನು ಹೋಗಲಾಡಿಸುವುದು ಹೇಗೆ?
ತಂತ್ರಜ್ಞ, ಬೆಂಗಳೂರು

ಉತ್ತರ: ಹಳದಿ ಗುರುತು ಇಲ್ಲಿ ರೋಗವಲ್ಲ. ವಿಂಡೋಸ್ ಒಂದು ಜಾಲವನ್ನು ಗುರುತು ಹಿಡಿಯುವುದು ಅದರ ಗೇಟ್‌ವೇ ನೋಡಿ. ಪಿಎಲ್‌ಸಿ ಕಡೆ ಗೇಟ್‌ವೇ ಇಲ್ಲ, ಇರಲೂಬಾರದು. ಆದ್ದರಿಂದ ಗುರುತಿಲ್ಲದ ಜಾಲ ಎಂದು ಬರೆದು, ಪಬ್ಲಿಕ್ ಎಂಬ ಬಿಗಿಯಾದ ಫೈರ್‌ವಾಲ್ ಗುಂಪಿಗೆ ಹಾಕುತ್ತದೆ. ಆ ಗುಂಪು ತಡೆಯುವುದು ಹೊರಗಿನಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಬರುವುದನ್ನು. ನೀವು ಪಿಎಲ್‌ಸಿಯನ್ನು ಕರೆಯುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ನಮಗೆ ಅನುಮಾನ ನಿಮ್ಮ ಪಿಂಗ್ ಮೇಲೆ. 192.168.0.1 ಎಂಬುದು ಅನೇಕ ವೈಫೈ ರೂಟರ್‌ಗಳ ವಿಳಾಸವೂ ಹೌದು. ಉತ್ತರ ಕೊಡುತ್ತಿರುವುದು ರೂಟರ್, ನೀವು ಪಿಎಲ್‌ಸಿ ಎಂದುಕೊಂಡಿದ್ದೀರಿ, ಹೀಗಿರಬಹುದು. ಪರೀಕ್ಷೆ ಸುಲಭ: ವೈಫೈ ಆಫ್ ಮಾಡಿ ಪಿಂಗ್ ಕೊಡಿ. ನಿಂತುಹೋದರೆ ಅನುಮಾನ ನಿಜ. ಇನ್ನೂ ಖಚಿತವಾಗಬೇಕೆಂದರೆ, ಪಿಂಗ್ ಮಾಡಿದ ಕೂಡಲೇ ಎಆರ್‌ಪಿ -ಎ ಕೊಡಿ, 192.168.0.1ರ ಎದುರಿಗಿರುವ ಮ್ಯಾಕ್ ವಿಳಾಸವನ್ನು (ಸಾಧನಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತು) ಪಿಎಲ್‌ಸಿಯ ಮೈಮೇಲೆ ಅಚ್ಚಾಗಿರುವುದರ ಜೊತೆ ಹೋಲಿಸಿ.

ಹೌದೆಂದಾದರೆ ವೈಫೈ ರೂಟರ್‌ನ ಶ್ರೇಣಿ ಬದಲಿಸಿ, ದಾವಣಗೆರೆಯವರಿಗೆ ಹೇಳಿದ ಹಾಗೆ. ಓಡುತ್ತಿರುವ ಯಂತ್ರದ ಪಿಎಲ್‌ಸಿ ವಿಳಾಸವನ್ನು ಮಾತ್ರ ಬದಲಿಸಬೇಡಿ. ಅದನ್ನು ಹುಡುಕಿಕೊಂಡು ಬರುವ ಎಚ್‌ಎಂಐ ಪರದೆ, ಡ್ರೈವ್‌ಗಳು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ರೂಟರ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಆ ಹೊತ್ತಿಗೆ ಮೊಬೈಲ್ ಹಾಟ್‌ಸ್ಪಾಟ್ ಬಳಸಿ.

ಆಮೇಲೆ ಕೇಬಲ್ ಕಾರ್ಡಿಗೆ 192.168.0.241, ಮಾಸ್ಕ್ 255.255.255.0, ಗೇಟ್‌ವೇ ಮತ್ತು ಡಿಎನ್‌ಎಸ್ ಖಾಲಿ. 241ನ್ನು ಆ ಲೈನಿನಲ್ಲಿ ಬೇರೆ ಯಾವ ಸಾಧನವೂ ಬಳಸುತ್ತಿಲ್ಲ ಎಂದು ಯಂತ್ರದ ನಕ್ಷೆಯಲ್ಲಿ ನೋಡಿಕೊಳ್ಳಿ. ಟಿಐಎ ಪೋರ್ಟಲ್‌ನ ಪಿಜಿ/ಪಿಸಿ ಇಂಟರ್‌ಫೇಸ್ ಪಟ್ಟಿಯಲ್ಲಿ ಕೇಬಲ್ ಕಾರ್ಡಿನ ಹೆಸರನ್ನೇ ಆರಿಸಿ. ಎರಡು ಕಾರ್ಡಿರುವ ಲ್ಯಾಪ್‌ಟಾಪ್‌ಗಳಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ಅಲ್ಲಿ ವೈಫೈ ಕಾರ್ಡ್ ಆಯ್ಕೆಯಾಗಿ ಉಳಿದಿರುತ್ತದೆ. ಆಕ್ಸೆಸಿಬಲ್ ಡಿವೈಸಸ್ ಹುಡುಕಾಟದಲ್ಲಿ ಪಿಎಲ್‌ಸಿ ಕಂಡರೂ ಆನ್‌ಲೈನ್ ಹೋಗದಿರುವುದುಂಟು. ಆ ಹುಡುಕಾಟ ಐಪಿ ವಿಳಾಸವನ್ನು ನೆಚ್ಚಿಕೊಂಡಿಲ್ಲ, ಕೇಬಲ್ ಕೂಡಿದ್ದರೆ ಸಾಕು. ಆನ್‌ಲೈನ್ ಹೋಗಲು ಮಾತ್ರ ಐಪಿ ಒಂದೇ ಶ್ರೇಣಿಯಲ್ಲಿರಬೇಕು, 102ನೇ ಟಿಸಿಪಿ ಪೋರ್ಟ್ ತೆರೆದಿರಬೇಕು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ 192.168.0.1 -ಪೋರ್ಟ್ 102 ಕೊಟ್ಟರೆ ಅದು ಗೊತ್ತಾಗುತ್ತದೆ.

ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಗುರುತು ತೆಗೆಯಿರಿ. ಇಲ್ಲದಿದ್ದರೆ ಪ್ರೋಗ್ರಾಂ ಇಳಿಸುವ ನಡುವೆಯೇ ಕಡಿದುಹೋಗುವ ಅಪಾಯವಿದೆ. ಅಡಾಪ್ಟರ್ ಬದಲಿಸಿದರೆ ವಿಂಡೋಸ್ ಅದನ್ನು ಈಥರ್ನೆಟ್ 2 ಎಂದು ಹೊಸದಾಗಿ ಎಣಿಸುತ್ತದೆ. ಹಳೆಯ ಐಪಿ ಅದಕ್ಕೆ ಬರುವುದಿಲ್ಲ, ಮತ್ತೆ ತುಂಬಬೇಕು.

ಪ್ರಶ್ನೆ: ನಮ್ಮ ಕಚೇರಿಯ ಒಳನೆಟ್‌ವರ್ಕ್‌ನಲ್ಲಿ ಹೊರಗಿನ ಸೈಟ್‌ಗಳಿಗೆ ತಡೆ ಇದೆ. ಕೆಲವರು ಅದೇ ಕಂಪ್ಯೂಟರ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಬಳಸುತ್ತಾರೆ. ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಏನಾದರೂ ದಾಟುತ್ತದೆಯೇ?
ಸರ್ಕಾರಿ ನೌಕರರು, ಕಲಬುರಗಿ

ಉತ್ತರ: ತಾನಾಗಿ ದಾಟುವುದಿಲ್ಲ. ಒಂದು ಕಾರ್ಡಿಗೆ ಬಂದದ್ದನ್ನು ಇನ್ನೊಂದರಿಂದ ಹೊರಗೆ ಕಳಿಸುವ ಐಪಿ ಫಾರ್ವರ್ಡಿಂಗ್ ವಿಂಡೋಸ್‌ನಲ್ಲಿ ಮೊದಲಿನಿಂದ ಆಫ್ ಇರುತ್ತದೆ. ಆದರೆ ದಾಟಲು ಅದೊಂದೇ ದಾರಿಯಲ್ಲ. ಹಾಟ್‌ಸ್ಪಾಟ್ ಕಡೆಯಿಂದ ಒಂದು ಕೆಟ್ಟ ಪ್ರೋಗ್ರಾಂ ಆ ಕಂಪ್ಯೂಟರ್‌ಗೆ ಹೊಕ್ಕರೆ, ಅದಕ್ಕೆ ಒಳನೆಟ್‌ವರ್ಕ್‌ನ ಕಾರ್ಡೂ ಕೈಗೆ ಸಿಕ್ಕಂತೆಯೇ. ಮೇ 2017ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ, ವಿಂಡೋಸ್‌ನ ಫೈಲ್ ಹಂಚಿಕೆ ಬಳಸುವ 445ನೇ ಪೋರ್ಟಿನ ದೋಷ ಹಿಡಿದು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನೇ ಹೋಗುತ್ತಿತ್ತು. ಮೈಕ್ರೋಸಾಫ್ಟ್ ಅದಕ್ಕೆ ತಿದ್ದುಪಡಿ ಕೊಟ್ಟದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಹೊರಗಿನ ಸಂಪರ್ಕವಿಲ್ಲ ಎಂದು ನೆಚ್ಚಿಕೊಂಡು ಅಪ್‌ಡೇಟ್ ಮಾಡದೆ ಬಿಟ್ಟಿರುವ ಒಳನೆಟ್‌ವರ್ಕ್‌ಗೆ ಒಂದು ಹಾಟ್‌ಸ್ಪಾಟ್ ಸಾಕು.

ಆದ್ದರಿಂದ ನೆಟ್‌ವರ್ಕ್ ನೋಡಿಕೊಳ್ಳುವವರ ಲಿಖಿತ ಒಪ್ಪಿಗೆ ಇಲ್ಲದೆ ಇದನ್ನು ಮಾಡಲೇಬೇಡಿ. ಇದರಲ್ಲಿ ನಾವು ರಿಯಾಯಿತಿ ತೋರಿಸಲಾರೆವು: ಅಲ್ಲಿರುವುದು ಜನರ ಪಹಣಿ, ಪಿಂಚಣಿ, ಖಾತೆಯ ಮಾಹಿತಿ. ಹೊರಗಿನ ಸೈಟ್ ಕೆಲಸಕ್ಕೇ ಬೇಕಿದ್ದರೆ ಅದನ್ನು ತೆರೆಯಿಸಿಕೊಡಿ ಎಂದು ಕೇಳಿ, ಅಥವಾ ಎರಡನೇ ಕಂಪ್ಯೂಟರ್ ಕೇಳಿ. ಮೇಜಿನಲ್ಲಿ ಜಾಗವಿಲ್ಲದಿದ್ದರೆ ಕೆವಿಎಂ ಸ್ವಿಚ್ ಹಾಕಿ ಒಂದೇ ಕೀಬೋರ್ಡ್, ಮೌಸ್, ಪರದೆಯಿಂದ ಎರಡನ್ನೂ ನಡೆಸಬಹುದು.

ಒಪ್ಪಿಗೆ ಇದ್ದವರೂ ಎರಡು ಗುಂಡಿಗಳನ್ನು ಒತ್ತಬಾರದು. ಒಂದು, ಎರಡು ಅಡಾಪ್ಟರ್ ಆರಿಸಿದಾಗ ಬಲ ಕ್ಲಿಕ್‌ನಲ್ಲಿ ಬರುವ ಬ್ರಿಜ್ ಕನೆಕ್ಷನ್ಸ್. ಅದು ಎರಡು ಜಾಲಗಳನ್ನು ಒಂದು ಸ್ವಿಚ್‌ಗೆ ಹಾಕಿದಂತೆ ಬೆಸೆಯುತ್ತದೆ. ಆ ಕಡೆಯ ಡಿಎಚ್‌ಸಿಪಿ ಈ ಕಡೆಯವರಿಗೂ ವಿಳಾಸ ಹಂಚತೊಡಗಿ ಇಡೀ ಕಚೇರಿ ನಿಲ್ಲಬಹುದು. ಇನ್ನೊಂದು, ಇಂಟರ್ನೆಟ್ ಕನೆಕ್ಷನ್ ಶೇರಿಂಗ್. ಅದನ್ನು ಹಾಕಿದರೆ ಕೇಬಲ್ ಕಾರ್ಡಿನ ವಿಳಾಸ 192.168.137.1 ಆಗಿ ಬದಲಾಗುತ್ತದೆ, ಆ ಕಂಪ್ಯೂಟರೇ ರೂಟರ್ ಆಗಿ ಕೂರುತ್ತದೆ. ಯಾವುದೋ ಯಂತ್ರದಲ್ಲಿ 192.168.137 ಎಂಬ ವಿಳಾಸ ಕಂಡರೆ ಯಾರೋ ಇದನ್ನು ಒತ್ತಿರಬಹುದು ಎಂದು ಅನುಮಾನಿಸಿ.

ಪ್ರಶ್ನೆ: ಉಬುಂಟುವಿನಲ್ಲಿ ಇದೇ ಕೆಲಸ ಹೇಗೆ?
ಉಪನ್ಯಾಸಕರು, ಮೈಸೂರು

ಉತ್ತರ: ಇನ್ನೂ ಚೊಕ್ಕವಾಗಿ ಆಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಮೆಟ್ರಿಕ್ ಕೊಡುವುದರಿಂದ ಇಲ್ಲೂ ಕೇಬಲ್ಲೇ ಗೆಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೈರ್ಡ್ ಸಂಪರ್ಕದ ಪಕ್ಕದ ಗಿಯರ್ ಒತ್ತಿ, ಐಪಿವಿ4 ಪುಟದ ಕೆಳಗೆ, ಈ ಸಂಪರ್ಕವನ್ನು ಅದರದೇ ಜಾಲದ ಸಂಪನ್ಮೂಲಗಳಿಗೆ ಮಾತ್ರ ಬಳಸು ಎಂಬರ್ಥದ ಚೌಕಕ್ಕೆ ಗುರುತು ಹಾಕಿ. ಡಿಎಚ್‌ಸಿಪಿ ಇದ್ದರೂ ಅದರ ಗೇಟ್‌ವೇ ಡೀಫಾಲ್ಟ್ ಆಗುವುದಿಲ್ಲ. ವಿಂಡೋಸ್‌ನಲ್ಲಿ ಮೆಟ್ರಿಕ್ ತಿದ್ದಿ ಮಾಡಬೇಕಾದದ್ದು ಇಲ್ಲಿ ಒಂದು ಗುರುತಿನಲ್ಲಿ ಮುಗಿಯುತ್ತದೆ. ಅದೇ ಪುಟದ ರೂಟ್ಸ್ ಭಾಗದಲ್ಲಿ, ಶಿರಸಿಯವರ ಉದಾಹರಣೆಯನ್ನೇ ತೆಗೆದುಕೊಂಡರೆ, ವಿಳಾಸ 10.20.0.0, ಮಾಸ್ಕ್ 255.255.0.0, ಗೇಟ್‌ವೇ 10.20.5.1 ತುಂಬಿ, ಸಂಪರ್ಕವನ್ನು ಆಫ್ ಮಾಡಿ ಆನ್ ಮಾಡಿ. ಐಪಿ ರೂಟ್ ಗೆಟ್ 10.20.3.15 ಎಂದು ಟರ್ಮಿನಲ್‌ನಲ್ಲಿ ಕೇಳಿದರೆ ಯಾವ ಕಾರ್ಡಿನಿಂದ ಹೋಗುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ.

ಆ ಕಂಪ್ಯೂಟರ್ ತಾನೇ ಸರ್ವರ್ ಆಗಿದ್ದು ಎರಡೂ ಕಡೆಯ ದೂರದ ಜನ ಅದಕ್ಕೆ ಬರುವುದಾದರೆ ಇಷ್ಟು ಸಾಲದು. ಒಂದು ಕಾರ್ಡಿಗೆ ಬಂದ ಪ್ರಶ್ನೆಗೆ ಉತ್ತರ ಇನ್ನೊಂದರಿಂದ ಹೊರಟು ದಾರಿಯಲ್ಲಿ ಫೈರ್‌ವಾಲ್ ಅದನ್ನು ಬಿಸಾಡುತ್ತದೆ. ಆಗ ಎರಡನೇ ಕಾರ್ಡಿಗೆ ಪ್ರತ್ಯೇಕ ಟೇಬಲ್ ಬೇಕು. ಆ ಕಾರ್ಡಿನ ಐಪಿ 192.168.50.10, ಗೇಟ್‌ವೇ 192.168.50.1 ಎಂದುಕೊಂಡರೆ, ಮುಂದೆ ಸುಡೋ (ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಪದ) ಹಚ್ಚಿ ಐಪಿ ರೂಲ್ ಆ್ಯಡ್ ಫ್ರಮ್ 192.168.50.10 ಟೇಬಲ್ 100, ಮತ್ತು ಐಪಿ ರೂಟ್ ಆ್ಯಡ್ ಡೀಫಾಲ್ಟ್ ವಯಾ 192.168.50.1 ಟೇಬಲ್ 100. ಇವೆರಡೂ ರೀಬೂಟ್‌ಗೆ ಅಳಿಯುತ್ತವೆ. ಕೆಲಸ ಮಾಡುತ್ತವೆ ಎಂದು ಖಾತ್ರಿಯಾದ ಮೇಲೆ, ಉಬುಂಟುವಿನ ನೆಟ್‌ವರ್ಕ್ ಹೊಂದಿಕೆ ಬರೆದಿಡುವ ನೆಟ್‌ಪ್ಲಾನ್ ಫೈಲಿಗೆ ಸೇರಿಸಿ.

ಪ್ರಶ್ನೆ: ಮನೆಯಿಂದ ಕೆಲಸ. ಕಂಪನಿಯ ವಿಪಿಎನ್ ಹಾಕಿದ ಕೂಡಲೇ ಮನೆಯ ವೈಫೈ ಪ್ರಿಂಟರ್ ಕಾಣೆಯಾಗುತ್ತದೆ.
ಓದುಗರು, ಮಂಗಳೂರು

ಉತ್ತರ: ವಿಪಿಎನ್ ಕೂಡ ಎರಡನೇ ನೆಟ್‌ವರ್ಕೇ, ಕೇಬಲ್ ಕಾಣುವುದಿಲ್ಲ ಅಷ್ಟೇ. ಅದು ಡೀಫಾಲ್ಟ್ ಗೇಟ್‌ವೇಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ ಅನೇಕ ಕಂಪನಿಗಳು ಮನೆಯ ಜಾಲದ ಸಂಪರ್ಕವನ್ನೂ ಬೇಕೆಂದೇ ಮುಚ್ಚಿರುತ್ತವೆ. ಮುಚ್ಚಿದ್ದರೆ ನೀವು ಇಲ್ಲಿಂದ ತೆರೆಯಲಾಗದು, ತೆರೆಯಲೂಬಾರದು. ಸ್ಪ್ಲಿಟ್ ಟನಲಿಂಗ್ (ಕಂಪನಿಯದ್ದು ಮಾತ್ರ ವಿಪಿಎನ್‌ನಲ್ಲಿ, ಉಳಿದದ್ದು ನೇರವಾಗಿ) ಕೊಡಿ ಎಂದು ಕಂಪನಿಯ ಐಟಿ ವಿಭಾಗವನ್ನು ಕೇಳಿ. ಅವರು ಒಪ್ಪದಿದ್ದರೆ ಪ್ರಿಂಟರನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಜೋಡಿಸಿ. ಯುಎಸ್‌ಬಿಗೆ ರೂಟಿಂಗ್ ಟೇಬಲ್‌ನ ಹಂಗಿಲ್ಲ, ವಿಪಿಎನ್ ಇದ್ದರೂ ಪ್ರಿಂಟ್ ಬರುತ್ತದೆ. ಕಂಪನಿ ಯುಎಸ್‌ಬಿ ಪೋರ್ಟನ್ನೂ ಬಂದ್ ಮಾಡಿದ್ದರೆ, ವಿಪಿಎನ್ ತೆಗೆದು ಪ್ರಿಂಟ್ ಕೊಟ್ಟು ಮತ್ತೆ ಹಾಕಿಕೊಳ್ಳುವುದೇ ಉಳಿದ ದಾರಿ.